ರೊಸೇಸಿಯಾ: ಅಕ್ಕನಿಗೆ ಒಂದು ಔಷಧಿ, ನನಗೆ ಇನ್ನೊಂದು ಏಕೆ?

ಮುಖ ಕೆಂಪಾಗಿ, ಉರಿದು, ಗುಳ್ಳೆ ಏಳುವ ರೊಸೇಸಿಯಾ ಎಂಬ ಚರ್ಮದ ಕಾಯಿಲೆಗೆ ಕೆಲವು ವರ್ಷಗಳ ಹಿಂದೆ ನಿಮ್ಮ ಅಕ್ಕನಿಗೆ ಮೆಟ್ರೊನಿಡಜೋಲ್ ಜೆಲ್ ಮತ್ತು ತಿಂಗಳುಗಟ್ಟಲೆ ಮಾತ್ರೆ ಕೊಟ್ಟಿದ್ದರು, ಈಗ ಚಿತ್ರದುರ್ಗದಲ್ಲಿ ನಿಮಗೆ ಐವರ್ಮೆಕ್ಟಿನ್ ಕ್ರೀಮ್ ಮಾತ್ರ ಬರೆದಿದ್ದಾರೆ, ಯಾರ ಡಾಕ್ಟರು ಸರಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್. ಚರ್ಮರೋಗ ತಜ್ಞರ ಚೀಟಿಗಳು ಬದಲಾಗುತ್ತಾ ಬಂದದ್ದನ್ನು ಕಂಡವನಾಗಿ ಹೇಳುತ್ತೇನೆ: ಇಬ್ಬರೂ ಸರಿ.

ಐವರ್ಮೆಕ್ಟಿನ್ ಎಂದರೆ ಜಂತುಹುಳದ ಔಷಧಿ ಎಂದು ಹಲವರು ಗಾಬರಿಯಾಗುತ್ತಾರೆ. ದೊಡ್ಡವರಲ್ಲಿ ಬಹುತೇಕ ಎಲ್ಲರ ಮುಖದ ಚರ್ಮದಲ್ಲೂ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಇರುತ್ತದೆ. ರೊಸೇಸಿಯಾ ಇರುವವರಲ್ಲಿ ಅದು ಹೆಚ್ಚು. ಶೇ. 1ರ ಕ್ರೀಮ್ ಆ ನುಸಿಯನ್ನೂ ಉರಿಯೂತವನ್ನೂ ತಗ್ಗಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರ ಕೊನೆಗೆ. ಮೆಟ್ರೊನಿಡಜೋಲ್ ಜೊತೆ 16 ವಾರ ಹೋಲಿಸಿ ನೋಡಿದಾಗ ಗುಳ್ಳೆಗಳ ಮೇಲೆ ಇದರದೇ ಕೈ ಮೇಲಾಯಿತು. ಹಾಗೆಂದು ಹಳೆಯ ಜೆಲ್ ಕೆಲಸಕ್ಕೆ ಬಾರದ್ದೇನಲ್ಲ, ಈಗಲೂ ಬರೆಯುತ್ತಾರೆ.

ಮಾತ್ರೆಯ ವಿಷಯದಲ್ಲೂ ಯೋಚನೆ ಬದಲಾಗಿದೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಇಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಉರಿಯೂತ ಇಳಿಸುವುದಕ್ಕೆ ಬೇಕು, ಅದಕ್ಕೆ ದಿನಕ್ಕೆ 40 ಮಿಲಿಗ್ರಾಂ ನಿಧಾನವಾಗಿ ಬಿಡುಗಡೆಯಾದರೂ ಸಾಕು. ಅನಗತ್ಯವಾಗಿ ಪೂರ್ಣ ಪ್ರಮಾಣ ನುಂಗಿ ಬ್ಯಾಕ್ಟೀರಿಯಾಗಳಿಗೆ ಔಷಧಿಯನ್ನು ಎದುರಿಸುವುದು ಕಲಿಸಬಾರದೆಂಬ ಎಚ್ಚರ ವೈದ್ಯರಲ್ಲಿ ಹೆಚ್ಚಿದೆ. ರೋಗವನ್ನು ನಾಲ್ಕು ಬಗೆಗಳಾಗಿ ವಿಂಗಡಿಸುವ 2002ರ ಪದ್ಧತಿಯನ್ನು ದಾಟಿ, 2017ರಿಂದೀಚೆಗೆ ಆಯಾ ವ್ಯಕ್ತಿಯ ಮುಖದಲ್ಲಿ ಏನಿದೆಯೋ ಅದಕ್ಕೆ ತಕ್ಕ ಚಿಕಿತ್ಸೆ ಎಂಬ ದಾರಿ ಹಿಡಿದಿದ್ದಾರೆ: ಗುಳ್ಳೆಗೆ ಕ್ರೀಮ್, ಎದ್ದು ಕಾಣುವ ರಕ್ತನಾಳಕ್ಕೆ ಲೇಸರ್. ನಿಮ್ಮ ಅಕ್ಕನ ಚೀಟಿ ನಿಮಗೆ ಹೊಂದಲೇಬೇಕೆಂದಿಲ್ಲ.

ನನಗೆ ನಿಜವಾಗಿ ಸಂಕಟವಾಗುವುದು ಬೇರೆಯದಕ್ಕೆ. ಮುಖ ಬೆಳ್ಳಗಾಗಲೆಂದು ಬೆಟಾಮೆಥಾಸೋನ್, ಮೊಮೆಟಾಸೋನ್ ಸೇರಿದ ಸ್ಟೀರಾಯ್ಡ್ ಕ್ರೀಮುಗಳನ್ನು ಮದುವೆಗೆ ಮುಂಚೆ ಹಚ್ಚತೊಡಗಿ ವರ್ಷಗಟ್ಟಲೆ ಬಿಡದವರು ನಮ್ಮಲ್ಲಿ ಬಹಳ. ಮೊದಲು ರಕ್ತನಾಳ ಕುಗ್ಗಿ ಕೆಂಪು ಇಳಿಯುತ್ತದೆ, ಆಮೇಲೆ ಚರ್ಮ ತೆಳುವಾಗಿ ರೊಸೇಸಿಯಾದಂಥದ್ದೇ ಉರಿ, ಗುಳ್ಳೆ ಶುರುವಾಗುತ್ತವೆ. ಬಿಟ್ಟರೆ ಇನ್ನೂ ಕೆರಳುತ್ತದೆ, ಆದ್ದರಿಂದ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಹಳೆಯ ಟ್ಯೂಬ್ ಹಿಡಿದು ಬಂದು "ಇದೇ ಕೊಡಿ" ಎನ್ನುವವರಿದ್ದಾರೆ. ಚೀಟಿ ಕೇಳಿದರೆ ಮುಂದಿನ ಅಂಗಡಿಗೆ ನಡೆಯುತ್ತಾರೆ. ನೀವು ಎಂದಾದರೂ ಅಂಥದ್ದನ್ನು ಹಚ್ಚಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಅದನ್ನು ಹೇಗೆ ಬಿಡಿಸಬೇಕೆಂಬುದು ಅವರಿಗೆ ಗೊತ್ತು. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದೆ ರೊಸೇಸಿಯಾ ಮೊಡವೆ ಎಂದೇ ಎಣಿಕೆಯಾಗುವುದೂ ಉಂಟು, ಆದ್ದರಿಂದ ಉರಿ, ಚುಚ್ಚುವಿಕೆಯನ್ನೂ ಬಾಯಿಬಿಟ್ಟು ಹೇಳಬೇಕು.

ಆಹಾರದ ಪಥ್ಯ ಎಲ್ಲರಿಗೂ ಒಂದೇ ಅಲ್ಲ. ಮಿರ್ಚಿ ಮಂಡಕ್ಕಿಯೋ, ಕುದಿಯುವ ಚಹಾವೋ, ಯಾವುದು ತಿಂದ, ಕುಡಿದ ದಿನ ಮುಖ ಉರಿಯಿತೆಂದು ಗುರುತು ಹಾಕಿಕೊಂಡು ಅಷ್ಟನ್ನೇ ಬಿಡಿ. ಆದರೆ ನಮ್ಮ ಬಿಸಿಲಿಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ, ಜಿಂಕ್ ಆಕ್ಸೈಡ್ ಇರುವುದು ಸಾಮಾನ್ಯವಾಗಿ ಚುರುಗುಟ್ಟುವುದು ಕಡಿಮೆ. ಕ್ರೀಮ್ ಫಲ ಕೊಡಲು ಎರಡು ಮೂರು ತಿಂಗಳು ಬೇಕಾಗಬಹುದು, ಹದಿನೈದು ದಿನಕ್ಕೇ ಬಿಟ್ಟುಬಿಡಬೇಡಿ. ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚಿದರೆ ಮಾತ್ರ ಕಾಯದೆ ಕಣ್ಣಿನ ವೈದ್ಯರಿಗೆ ತೋರಿಸಿ, ಈ ಕಾಯಿಲೆ ಅಲ್ಲಿಗೂ ಹೋಗುತ್ತದೆ.