ಎಂಟಕ್ಕೆ ಏಳುವ ಹೆಂಡತಿ, ಒಂಬತ್ತೂವರೆಗೆ ಮಲಗುವ ಗಂಡ

ನನ್ನ ಬಳಿ ಸಲಹೆಗೆ ಬಂದ ಗಂಡ-ಹೆಂಡತಿಯ ಕತೆ ಇದು; ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 31, ಆತನಿಗೆ 36. ಮೊದಲ ಭೇಟಿಗೆ ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅಂದರೆ ಆಕೆ, "ಹನ್ನೊಂದರ ಮೇಲೆ ಸಿಗುತ್ತಾ ಮೇಡಂ?" ಎಂದು ಕೇಳಿದ್ದರು. ನಾನು ಐದಕ್ಕೇ ಏಳುವವಳು. ಮನಸ್ಸಿನಲ್ಲೇ 'ಸೋಮಾರಿ ಇರಬೇಕು' ಅಂದುಕೊಂಡೆ. ಮುಖ ನೋಡುವ ಮೊದಲೇ ತೀರ್ಪು!

ಆಕೆಗೆ ಮನೆಯಿಂದಲೇ ಅನುವಾದದ ಕೆಲಸ. ರಾತ್ರಿ ಹತ್ತರ ಮೇಲೆ ತಲೆ ಚುರುಕಾಗಿ ಓಡುತ್ತದೆ, ಒಂದೂವರೆಗೆ ಮಲಗುತ್ತಾರೆ, ಎಂಟಕ್ಕೆ ಏಳುತ್ತಾರೆ. ಆತ ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಲೆಕ್ಕ ಹಾಕಿದರೆ ಆತನದು ಏಳೂವರೆ ಗಂಟೆ ನಿದ್ದೆ, ಆಕೆಯದು ಆರೂವರೆ. ಅದೂ ಪೂರ್ತಿ ಅಲ್ಲ, ಯಾಕಂದ್ರೆ ಆರಕ್ಕೆ ಸರಿಯಾಗಿ ಆತ ಕೋಣೆಗೆ ಬಂದು ಪರದೆಯನ್ನು ಸರ್ರನೆ ಎಳೆಯುತ್ತಾರೆ. ಆದರೂ ಮನೆಯಲ್ಲಿ 'ಮಲಗಿಕೊಂಡೇ ಇರೋಳು' ಅನ್ನುವ ಹೆಸರು ಆಕೆಗೇ.

ದಿನಾ ಏಳು ಗಂಟೆಗೆ ಅತ್ತೆಯ ಫೋನ್. "ಎದ್ದಳಾ?" ಅಂತ ಕೇಳುತ್ತಾರೆ. ಆತ ಸಣ್ಣಗೆ ನಕ್ಕು "ಇನ್ನೂ ಇಲ್ಲಮ್ಮ" ಅನ್ನುತ್ತಾರೆ. "ಅತ್ತೆ ಕೇಳೋದು ನೋವಲ್ಲ ಮೇಡಂ, ಇವರು ನಗ್ತಾರಲ್ಲ, ಅದು" ಎಂದರು ಆಕೆ. ಆ ಹೊತ್ತಿಗೆ ಆಕೆ ಎಚ್ಚರವಾಗೇ ಇರುತ್ತಾರೆ, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿರುತ್ತಾರೆ.

ಆತನಿಗೂ ದೂರಿತ್ತು. ಗೆಳೆಯರ ಕೂಟದಿಂದ ಒಂಬತ್ತಕ್ಕೆ ಎದ್ದು ಹೊರಟರೆ 'ಮುದುಕ' ಅಂತ ಗೇಲಿ. ನಿಜ, ಬೇಜಾರಾಗುತ್ತದೆ. ಆದರೆ ಅದು ಬರೀ ಗೇಲಿ, ಅಲ್ವಾ? ಯಾರೂ ಆತನ ನಡತೆಯನ್ನು ಅಳೆಯುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಸುಮ್ನೆ ಕೂತವರಿಗೂ ಶಿಸ್ತಿನ ಮನುಷ್ಯ ಅನ್ನುವ ಬಿರುದು, ರಾತ್ರಿ ಒಂದರ ತನಕ ದುಡಿದವರಿಗೆ ಬೈಗುಳ; ಆ ಹೊತ್ತಲ್ಲಿ ನೋಡೋಕೆ ಯಾರೂ ಎದ್ದಿರಲ್ಲ, ಅಷ್ಟೇ. ಹೆಂಗಸಾದರೆ ಬೈಗುಳ ಇನ್ನೂ ಒಂದು ಹಿಡಿ ಜಾಸ್ತಿ.

"ಇದೆಲ್ಲ ಅಭ್ಯಾಸ ಮಾಡಿಕೊಂಡರೆ ಆಗುತ್ತೆ" ಎಂದು ಆತ ಹಟ ಹಿಡಿದರು. ಯಾರು ಬೆಳಗಿನವರು, ಯಾರು ರಾತ್ರಿಯವರು ಎಂದು ಅಳೆಯಲು 1976ರಲ್ಲಿ ಹಾರ್ನ್ ಮತ್ತು ಓಸ್ಟ್‌ಬರ್ಗ್ ಎಂಬ ಸಂಶೋಧಕರು ಸಿದ್ಧಪಡಿಸಿದ 19 ಪ್ರಶ್ನೆಗಳ ಪಟ್ಟಿಯನ್ನು ಇಬ್ಬರಿಗೂ ಕೊಟ್ಟೆ. ಆತ ಒಂದು ತುದಿ, ಆಕೆ ಇನ್ನೊಂದು ತುದಿ. ಮಿದುಳಿನ ಹೈಪೊಥಲಾಮಸ್‌ನಲ್ಲಿ ದೇಹದ ಗಡಿಯಾರ ಇದೆ, ಅದರ ಸುತ್ತು ಒಬ್ಬೊಬ್ಬರಿಗೆ ಒಂದಿಷ್ಟು ಉದ್ದ, ಒಂದಿಷ್ಟು ಗಿಡ್ಡ, ಜೀನ್‌ಗಳ ಪಾತ್ರವೂ ಇದೆ ಎಂದು ವಿವರಿಸಿದೆ. 2017ರ ವೈದ್ಯಕೀಯ ನೊಬೆಲ್ ಬಂದದ್ದೇ ಈ ಗಡಿಯಾರ ಹೇಗೆ ನಡೆಯುತ್ತದೆಂದು ಹಣ್ಣುನೊಣದಲ್ಲಿ ಕಂಡುಕೊಂಡ ಮೂವರಿಗೆ. "ನೊಣಕ್ಕೂ ಇದೆಯಾ?" ಎಂದು ಆತ ಮೊದಲ ಸಲ ನಕ್ಕರು.

ಹಾಗಂತ ಎಲ್ಲವನ್ನೂ ಜೀನ್ ಮೇಲೆ ಹೊರಿಸಲು ನಾನು ಬಿಡಲಿಲ್ಲ. ಎರಡು ವಾರ ನಿದ್ದೆಯ ಡೈರಿ ಬರೆಯಿರಿ ಎಂದಿದ್ದೆ. ಆಕೆಯ ಡೈರಿಯಲ್ಲಿ ಕೆಲಸ ಹನ್ನೆರಡೂವರೆಗೇ ಮುಗಿದಿತ್ತು. ಉಳಿದ ಒಂದು ಗಂಟೆ ಫೋನ್. ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ನನ್ನನ್ನು ಕರೆಯದ ಹೊತ್ತು ಅದೊಂದೇ" ಎಂದರು. ಅದು ನಿದ್ದೆಯ ಸಮಸ್ಯೆ ಅಲ್ಲವೇ ಅಲ್ಲ.

ಹಾಗಾಗಿ ಸಲಹೆ ಶುರುವಾದದ್ದೇ ಅಲ್ಲಿಂದ. ಸಂಜೆ ಒಂದು ಗಂಟೆ ಆಕೆಯದು, ಆತ ಮನೆ ನೋಡಿಕೊಳ್ಳಬೇಕು, ಏನೂ ಕೇಳಬಾರದು. ಆಗ ರಾತ್ರಿ ಫೋನ್ ಹಿಡಿದು ಕೂರುವ ಆಸೆ ತಾನಾಗಿ ಕಮ್ಮಿಯಾಗುತ್ತದೆ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಲ್ಲಿ ಇರಿ, ಮಲಗುವ ಮುಂಚೆ ದೀಪ ಮಂದ ಮಾಡಿ, ಮಲಗಿ ಏಳುವ ಹೊತ್ತನ್ನು ಬೇಗಕ್ಕೆ ತರಬೇಕೆಂದರೆ ಒಂದೇ ಸಲಕ್ಕೆ ಎರಡು ಗಂಟೆ ಬೇಡ, ಹದಿನೈದು ನಿಮಿಷದಂತೆ ತನ್ನಿ. ಐದಕ್ಕೆ ಏಳುವ ಗುರಿ ಬೇಡವೇ ಬೇಡ, ಏಳೂವರೆಗೆ ಎದ್ದರೆ ಸಾಕು. ರಜೆ ದಿನ ಹತ್ತರ ತನಕ ಮಲಗಿದರೆ ಸೋಮವಾರ ಮತ್ತೆ ಒದ್ದಾಟ. ಹಣಕಾಸು, ಜಗಳದಂಥ ಮಾತು ಆಕೆ ಎದ್ದ ಮೊದಲ ಗಂಟೆಯಲ್ಲಿ ಬೇಡ, ಆತನ ಬಳಿ ರಾತ್ರಿ ಒಂಬತ್ತರ ಮೇಲೆ ಬೇಡ. ಪರದೆ ಎಳೆಯುವುದು ಬಂದ್. ಅತ್ತೆಗೆ ಉತ್ತರ ಕೊಡಬೇಕಾದ್ದು ಸೊಸೆಯಲ್ಲ, ಮಗ, ಅದೂ ನಗದೆ.

ಮೂರನೇ ಭೇಟಿಗೆ ಬಂದಾಗ ಆಕೆ ಒಂದಕ್ಕೆ ಮಲಗುತ್ತಿದ್ದರು. ದೊಡ್ಡ ಪವಾಡವೇನಲ್ಲ. ಒಂದು ದಿನ ಆತ ಫೋನಿನಲ್ಲಿ "ರಾತ್ರಿಯೆಲ್ಲ ಕೆಲಸ ಮಾಡಿದ್ದಾಳಮ್ಮ, ಮಲಗಿರಲಿ" ಅಂದರಂತೆ. ಅತ್ತೆ "ಹೂಂ" ಎಂದು ಫೋನಿಟ್ಟರಂತೆ. ಮರುದಿನ ಏಳಕ್ಕೆ ಮತ್ತೆ ಅದೇ "ಎದ್ದಳಾ?".