ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ವಿಡಿಯೊ ಇದ್ದರೆ ಸಾಲದೇ?

ಆರೋಪಿ ಪೊಲೀಸರ ಮುಂದೆ ತಾನೇ ತಪ್ಪೊಪ್ಪಿಕೊಂಡಿದ್ದು, ಅದರ ವಿಡಿಯೊ ಕೂಡ ಇರುವಾಗ ನ್ಯಾಯಾಲಯ ಅದನ್ನು ಸಾಕ್ಷ್ಯವೆಂದು ಏಕೆ ಒಪ್ಪುವುದಿಲ್ಲ ಎಂದು ತಾವು ಕೇಳಿದ್ದೀರಿ. ನಾನು ದಾವಣಗೆರೆಯ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲ.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂಬ ನಿಷೇಧ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂನಲ್ಲಿತ್ತು. ಈಗ ಅದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ. ಇದನ್ನು ಸಡಿಲಿಸಬೇಕೆಂಬ ವಾದಕ್ಕೆ ಗಟ್ಟಿಯಾದ ರೂಪ ಕೊಟ್ಟವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರು. ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ, ವಕೀಲರನ್ನು ಕಾಣುವ ಹಕ್ಕನ್ನು ಆರೋಪಿಗೆ ತಿಳಿಸಿದ ಮೇಲೆ ಎಸ್‌ಪಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಧ್ವನಿ ಅಥವಾ ವಿಡಿಯೊ ಮುದ್ರಣದೊಂದಿಗೆ ದಾಖಲಿಸಿದ ತಪ್ಪೊಪ್ಪಿಗೆಯನ್ನು ಒಪ್ಪಬಹುದೆಂದು ಶಿಫಾರಸು ಮಾಡಿತು. ಕರ್ನಾಟಕದ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಲ್ಲಿ ಇಂಥ ಅವಕಾಶ ಈಗಾಗಲೇ ಇದೆ. ಮಳಿಮಠರ ಮೇಲೆ ಅಪಾರ ಗೌರವವಿಟ್ಟುಕೊಂಡೇ ನಾನು ಇದನ್ನು ಒಪ್ಪುವುದಿಲ್ಲ. ಕ್ಯಾಮೆರಾ ತೋರಿಸುವುದು ಅದು ಚಾಲೂ ಆದ ಮೇಲಿನದನ್ನು ಮಾತ್ರ. ಅದಕ್ಕೂ ಮೊದಲು ಠಾಣೆಯಲ್ಲಿ ಕಳೆದ ರಾತ್ರಿ ಅದರಲ್ಲಿ ಕಾಣುವುದಿಲ್ಲ.

ನಿಜವಾದ ತೊಡಕಿರುವುದು ಹಳೆಯ 27ನೇ ಕಲಂನಲ್ಲಿ, ಅಂದರೆ ಈಗಿನ 23ನೇ ಕಲಂನ ಪರಂತುಕದಲ್ಲಿ (ನಿಷೇಧಕ್ಕೆ ಕೊಟ್ಟಿರುವ ವಿನಾಯಿತಿಯಲ್ಲಿ). ಬಂಧನದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಒಪ್ಪಬಹುದು. ಹೀಗಾಗಿ ಕಡತದಲ್ಲಿನ ‘ಸ್ವಇಚ್ಛಾ ಹೇಳಿಕೆ’ಗಳು ಬಹುಪಾಲು ಒಂದೇ ಅಚ್ಚಿನ ವಾಕ್ಯದಲ್ಲಿ ಮುಗಿಯುತ್ತವೆ: ‘ತಾವು ನನ್ನೊಂದಿಗೆ ಬಂದಲ್ಲಿ ಕೊಲೆಗೆ ಬಳಸಿದ ಮಚ್ಚನ್ನು ಭದ್ರಾ ನಾಲೆಯ ಪಕ್ಕದ ಪೊದೆಯಲ್ಲಿ ಬಚ್ಚಿಟ್ಟ ಜಾಗವನ್ನು ತೋರಿಸಿ ಹಾಜರುಪಡಿಸುತ್ತೇನೆ.’ ಇದರಲ್ಲಿ ‘ಕೊಲೆಗೆ ಬಳಸಿದ’ ಎಂಬ ಮಾತನ್ನು ನ್ಯಾಯಾಲಯ ಕಣ್ಣೆತ್ತಿಯೂ ನೋಡಬಾರದು ಎಂಬುದು ಸ್ವಾತಂತ್ರ್ಯಕ್ಕೆ ತುಸು ಮೊದಲು ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ಕಟ್ಟಳೆ. ಅಲ್ಲಿ ಭರ್ಜಿ ಬಚ್ಚಿಟ್ಟಿದ್ದು ಹುಲ್ಲಿನ ಬಣವೆಯಲ್ಲಿ. ಇತ್ತ ವಿಚಾರಣೆಯಲ್ಲಿ ಪಂಚರು, ಅಂದರೆ ಆಯುಧ ವಶಪಡಿಸಿಕೊಂಡದ್ದಕ್ಕೆ ಸಾಕ್ಷಿಗಳೆಂದು ಸಹಿ ಹಾಕಿದವರು, ಪಾಟೀ ಸವಾಲಿಗೆ ಉತ್ತರಿಸುತ್ತಾ, ತಾವು ನಾಲೆಯ ಬಳಿ ಹೋಗಿಯೇ ಇಲ್ಲ, ಠಾಣೆಯಲ್ಲೇ ಸಹಿ ಹಾಕಿದೆವು ಎಂದರೆ ಪ್ರಕರಣದ ಬುಡವೇ ಅಲುಗಾಡುತ್ತದೆ.

ಈ 27ನೇ ಕಲಂ ಸಂವಿಧಾನಬದ್ಧವೇ ಎಂಬ ಚರ್ಚೆಯೂ ಹಳೆಯದು. 1960ರ ದೇವಮನ್ ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಅದನ್ನು ಎತ್ತಿಹಿಡಿದರೂ, ನ್ಯಾಯಮೂರ್ತಿ ಸುಬ್ಬರಾವ್ ಅವರು ಅದು 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ಭಿನ್ನಮತ ಬರೆದರು. ಮರುವರ್ಷ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಒತ್ತಾಯವಿದ್ದರೆ ಮಾತ್ರ 20(3)ನೇ ವಿಧಿಯ (ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗಲು ಒತ್ತಾಯಿಸಬಾರದೆಂಬ ವಿಧಿಯ) ಉಲ್ಲಂಘನೆಯಾಗುತ್ತದೆ ಎಂದಿತು. ಆದರೆ ಬಂಧನದಲ್ಲಿರುವವನು ಒತ್ತಾಯವಿತ್ತೆಂದು ತೋರಿಸುವುದಾದರೂ ಹೇಗೆ?

ಮನಸಾರೆ ಒಪ್ಪಿಕೊಳ್ಳುವವನಿಗೆ ದಾರಿ ಇಲ್ಲವೆಂದಲ್ಲ. ಕ್ರಿಮಿನಲ್ ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು, ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲವೆಂದೂ, ಒಪ್ಪಿದರೆ ಅದು ಅವನ ವಿರುದ್ಧವೇ ಬಳಕೆಯಾಗಬಹುದೆಂದೂ ಮೊದಲೇ ತಿಳಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಬಂದವನು ಹೇಳಿಕೆ ಕೊಡಲು ಇಷ್ಟವಿಲ್ಲ ಎಂದರೆ, ಅವನನ್ನು ಮತ್ತೆ ಪೊಲೀಸ್ ವಶಕ್ಕೆ ಒಪ್ಪಿಸುವ ಅಧಿಕಾರ ಆ ಮ್ಯಾಜಿಸ್ಟ್ರೇಟರಿಗಿಲ್ಲ.