ನೀವು ಕೇಳಿದಿರಿ: ಲ್ಯಾಬೇ ಇಲ್ಲದ ಫಿಸಿಕ್ಸ್

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಫಿಸಿಕ್ಸ್ ಪಿಎಚ್‌.ಡಿ. ಮಾಡುತ್ತಿದ್ದಾಳೆ. ವಿಷಯ ‘ಕಂಡೆನ್ಸ್‌ಡ್ ಮ್ಯಾಟರ್ ಥಿಯರಿ’ ಅಂತೆ. ಲ್ಯಾಬ್ ಇಲ್ಲ, ಮೈಕ್ರೋಸ್ಕೋಪ್ ಇಲ್ಲ, ಯಾವಾಗ ನೋಡಿದರೂ ಲ್ಯಾಪ್‌ಟಾಪ್ ಮುಂದೆ. ನೆಂಟರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಅಂದುಬಿಡುತ್ತೇನೆ. ಸರಿನಾ? — ಓದುಗರೊಬ್ಬರು, ದಾವಣಗೆರೆ

ಅರ್ಧ ಸರಿ ಅಮ್ಮಾ. ಪರಮಾಣುಗಳು ಒತ್ತೊತ್ತಾಗಿ ಸೇರಿದ ಯಾವ ವಸ್ತುವಾದರೂ ಕಂಡೆನ್ಸ್‌ಡ್ ಮ್ಯಾಟರೇ. ಕಬ್ಬಿಣ, ಉಪ್ಪು, ನೀರು, ಮೊಬೈಲ್ ಒಳಗಿನ ಸಿಲಿಕಾನ್, ಎಲ್ಲವೂ. ಕಬ್ಬಿಣವನ್ನೇ ತಗೊಳ್ಳಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ತಣ್ಣಗಾದರೆ ಮತ್ತೆ ಅಂಟುತ್ತದೆ. ಪರಮಾಣು ಅದೇ, ಎಲೆಕ್ಟ್ರಾನ್ ಅದೇ, ಹಾಗಿದ್ದ ಮೇಲೆ ಬದಲಾಗಿದ್ದೇನು? ಒಂದೇ ಪರಮಾಣುವನ್ನು ಇಟ್ಟುಕೊಂಡು ಎಷ್ಟು ತಲೆ ಕೆಡಿಸಿಕೊಂಡರೂ ಇದಕ್ಕೆ ಉತ್ತರ ಸಿಗಲ್ಲ, ಯಾಕಂದರೆ ಇದು ಕೋಟಿ ಕೋಟಿ ಪರಮಾಣು ಸೇರಿದಾಗ ಮಾತ್ರ ಕಾಣುವ ಗುಣ. ಮಗಳು ಹಾಕುತ್ತಿರುವುದು ಆ ಗುಂಪಿನ ಲೆಕ್ಕ. ಕೋಡ್ ಬರೆಯುವುದು ಅದರಲ್ಲಿ ಒಂದು ಭಾಗ ಅಷ್ಟೇ. ಯಾವುದನ್ನು ಲೆಕ್ಕದಿಂದ ಕೈಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಲೇಬಾರದು ಅಂತ ತೀರ್ಮಾನಿಸುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಸುಮ್ಮನೆ ಕೂತಿದ್ದಾಳೆ ಅನ್ನಿಸಿದಾಗ ಅವಳು ಬಹುಶಃ ಅದನ್ನೇ ಮಾಡುತ್ತಿರುತ್ತಾಳೆ.

ಪ್ರಶ್ನೆ: ಎಲೆಕ್ಟ್ರಾನ್ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳುವ ಶ್ರೋಡಿಂಗರ್ ಸಮೀಕರಣ ಸಿಕ್ಕಿ ನೂರು ವರ್ಷ ಆಗ್ತಾ ಬಂತು. ಸೂಪರ್‌ಕಂಪ್ಯೂಟರಿಗೆ ಹಾಕಿದರೆ ಉತ್ತರ ಬರಬೇಕಲ್ವಾ? ಸಂಶೋಧನೆ ಯಾಕೆ ಇನ್ನೂ? — ನಿವೃತ್ತ ಎಂಜಿನಿಯರ್, ಹುಬ್ಬಳ್ಳಿ

ನ್ಯಾಯವಾದ ಪ್ರಶ್ನೆ. ಭೌತವಿಜ್ಞಾನಿ ಡಿರಾಕ್ 1929ರಲ್ಲೇ ಹೆಚ್ಚುಕಮ್ಮಿ ಇದೇ ಮಾತು ಬರೆದಿದ್ದರು. ಭೌತಶಾಸ್ತ್ರದ ಬಹುಪಾಲಿಗೆ, ರಸಾಯನಶಾಸ್ತ್ರಕ್ಕೆ ಪೂರ್ತಿ ಬೇಕಾದ ನಿಯಮಗಳು ಗೊತ್ತಾಗಿವೆ, ತೊಂದರೆ ಏನಂದರೆ ಸಮೀಕರಣ ಬಿಡಿಸೋಕೆ ಆಗುತ್ತಿಲ್ಲ ಅಂತ. ಆ ತೊಂದರೆ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿಯೇ ನೋಡೋಣ. ಒಂದು ಎಲೆಕ್ಟ್ರಾನಿನ ಸ್ಪಿನ್ (ಎಲೆಕ್ಟ್ರಾನೇ ಒಂದು ಪುಟಾಣಿ ಅಯಸ್ಕಾಂತ, ಅದರ ದಿಕ್ಕು ಅಂದುಕೊಳ್ಳಿ) ಮೇಲೆ ಇರಬಹುದು ಇಲ್ಲಾ ಕೆಳಗೆ. ಎರಡು ಸ್ಪಿನ್ ಇದ್ದರೆ 4 ಸಾಧ್ಯತೆ, ಹತ್ತಕ್ಕೆ 1024. ಕ್ವಾಂಟಮ್ ಲೆಕ್ಕದಲ್ಲಿ ಪ್ರತಿ ಸಾಧ್ಯತೆಗೂ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಬೇಕು, ಸಂಖ್ಯೆಗೆ 16 ಬೈಟ್ ಅಂದುಕೊಳ್ಳಿ. 30 ಸ್ಪಿನ್‌ಗೆ ಸುಮಾರು 17 ಜಿಬಿ ಮೆಮೊರಿ ಬೇಕು, ಒಳ್ಳೆಯ ಲ್ಯಾಪ್‌ಟಾಪ್ ಸಾಕು. 40ಕ್ಕೆ ಸುಮಾರು 17,600 ಜಿಬಿ. 50ಕ್ಕೆ 1.8 ಕೋಟಿ ಜಿಬಿ! 300 ಸ್ಪಿನ್‌ಗೆ ಬಂದರೆ, ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಲೆಕ್ಕವನ್ನೂ ಮೀರಿ ಸಂಖ್ಯೆಗಳು ಬೇಕು. ಅಷ್ಟಾದರೂ ಒಂದು ಹರಳು ಉಪ್ಪಿನ ಹತ್ತಿರಕ್ಕೂ ನಾವು ಬಂದಿಲ್ಲ. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡುವ) ಯಂತ್ರ, ದೊಡ್ಡದೇ. ಆದರೆ ಈ ದಾರಿಯಲ್ಲಿ ಯಂತ್ರದ ಮೆಮೊರಿಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚಿಗೆ ಸಿಗುವುದು ಒಂದೇ ಒಂದು ಸ್ಪಿನ್.

ಅದಕ್ಕೇ ಮೊದಲು ಹೇಳಿದ ‘ಕೈಬಿಡುವ’ ವಿದ್ಯೆ ಬೇಕಾಗುವುದು. ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ 1970ರ ದಶಕದಲ್ಲಿ ಒಂದು ದಾರಿ ತೋರಿಸಿದರು. ವಸ್ತುವನ್ನು ಸ್ವಲ್ಪ ಸ್ವಲ್ಪವೇ ಬೆಳೆಸುತ್ತಾ ಹೋಗಿ, ಪ್ರತಿ ಹೆಜ್ಜೆಗೂ ಕಡಿಮೆ ಶಕ್ತಿಯ ಸ್ಥಿತಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಕಿ ಅಂದರು. ಲೋಹದೊಳಗೆ ಸಿಕ್ಕಿಕೊಂಡ ಒಂದು ಮ್ಯಾಗ್ನೆಟಿಕ್ ಪರಮಾಣುವಿನ ಲೆಕ್ಕಕ್ಕೆ ಇದು ಬಲು ಚೆನ್ನಾಗಿ ಕೂತಿತು. ಆ ಬಗ್ಗೆ 1980ರಲ್ಲಿ ಬಂದ, ಇವತ್ತಿಗೂ ಜನ ತೆಗೆದು ಓದುವ ಎರಡು ದೊಡ್ಡ ಪ್ರಬಂಧಗಳಲ್ಲಿ ವಿಲ್ಸನ್, ವಿಲ್ಕಿನ್ಸ್ ಜೊತೆಗಿರುವ ಮೂರನೇ ಹೆಸರು ಎಚ್‌.ಆರ್‌. ಕೃಷ್ಣಮೂರ್ತಿ. ಮುಂದೆ ಅವರು ಐಐಎಸ್‌ಸಿಯಲ್ಲಿ ಪ್ರೊಫೆಸರ್ ಆದರು. ಆದರೆ ಇದೇ ಉಪಾಯ ಸಾಲಾಗಿ ನಿಂತ ಸ್ಪಿನ್‌ಗಳ ಸರಪಳಿಗೆ ಹಾಕಿದರೆ ಕೈಕೊಟ್ಟಿತು. 1992ರಲ್ಲಿ ವಿಲ್ಸನ್ ಅವರ ಶಿಷ್ಯ ಸ್ಟೀವನ್ ವೈಟ್ ಬಿಸಾಕುವ ನಿಯಮವನ್ನೇ ಬದಲಾಯಿಸಿದರು. ಶಕ್ತಿ ಕಡಿಮೆಯೋ ಜಾಸ್ತಿಯೋ ನೋಡಬೇಡಿ, ಸುತ್ತಲಿನ ಸ್ಪಿನ್‌ಗಳ ಜೊತೆ ಯಾವ ಸ್ಥಿತಿಗೆ ಹೆಚ್ಚು ನಂಟಿದೆಯೋ ಅದನ್ನು ಇಟ್ಟುಕೊಳ್ಳಿ. ಇಷ್ಟೇ ಬದಲಾವಣೆ. ನೂರಾರು ಸ್ಪಿನ್‌ಗಳ ಸರಪಳಿಯ ಲೆಕ್ಕ ಸಾಧಾರಣ ಕಂಪ್ಯೂಟರಿನಲ್ಲೇ ಆಗತೊಡಗಿತು.

ಪ್ರಶ್ನೆ: ಇವರು ದಾಳ ಹಾಕಿ ಲೆಕ್ಕ ಮಾಡುತ್ತಾರೆ ಅಂತ ಓದಿದೆ. ಅದ್ಯಾವ ಸೀಮೆ ವಿಜ್ಞಾನ ಸ್ವಾಮಿ? — ಓದುಗರೊಬ್ಬರು, ಶಿವಮೊಗ್ಗ

ನಿಜ, ಹಾಕುತ್ತಾರೆ. ಹೆಸರೇ ಮಾಂಟೆ ಕಾರ್ಲೊ, ಜೂಜಿನ ಊರಿನದು. ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಯ ಎಲ್ಲ ಅಗುಳನ್ನೂ ಹಿಸುಕಬೇಕಿಲ್ಲ, ಅಲ್ವಾ? ಆದರೆ ಇಲ್ಲಿ ಯಾವ ಅಗುಳು ಎತ್ತಬೇಕು ಅನ್ನುವುದೇ ಕಷ್ಟದ ಭಾಗ. ಕಣ್ಣುಮುಚ್ಚಿ ಎತ್ತಿದರೆ ಪ್ರಕೃತಿ ಯಾವತ್ತೂ ತೋರಿಸದ ಸ್ಥಿತಿಗಳೇ ಕೈಗೆ ಬರುತ್ತವೆ. ಇದಕ್ಕೆ ಉಪಾಯ ಸಿಕ್ಕಿದ್ದು 1953ರಲ್ಲಿ, ಅಮೆರಿಕದ ಲಾಸ್ ಅಲಮೋಸ್‌ನಲ್ಲಿ. ಮ್ಯಾನಿಯಾಕ್ ಅನ್ನುವ ಕಂಪ್ಯೂಟರಿನಲ್ಲಿ 224 ಗಟ್ಟಿ ಬಿಲ್ಲೆಗಳ ಲೆಕ್ಕ ಮಾಡಿದರು. ಪ್ರಬಂಧಕ್ಕೆ ಐದು ಹೆಸರು, ವಿಧಾನಕ್ಕೆ ಉಳಿದಿದ್ದು ಮೊದಲನೆಯ ಮೆಟ್ರೊಪೊಲಿಸ್ ಹೆಸರು ಮಾತ್ರ. ಯಂತ್ರಕ್ಕೆ ಕೋಡ್ ಬರೆದವರು ಅರಿಯಾನಾ ರೋಸೆನ್‌ಬ್ಲೂತ್. ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ವಿಧಾನ ಹೀಗೆ. ಚೌಕಳಿ ಹಾಳೆಯ ಪ್ರತಿ ಮನೆಯಲ್ಲೂ ಒಂದು ಬಾಣ, ಮೇಲಕ್ಕೆ ಇಲ್ಲಾ ಕೆಳಕ್ಕೆ. ಪಕ್ಕದ ಬಾಣಗಳು ಒಂದೇ ಕಡೆ ಮುಖ ಮಾಡಿದ್ದರೆ ಶಕ್ತಿ ಕಡಿಮೆ. ಇದು ಐಸಿಂಗ್ ಮಾಡೆಲ್, ಅಯಸ್ಕಾಂತದ ಅತಿ ಸರಳ ರೂಪ. ಯಾವುದೋ ಒಂದು ಬಾಣ ಆರಿಸಿ, ತಿರುಗಿಸಿದರೆ ಶಕ್ತಿ ಎಷ್ಟು ಬದಲಾಗುತ್ತದೆ ನೋಡಿ. ಕಡಿಮೆಯಾದರೆ ತಿರುಗಿಸಿಬಿಡಿ. ಜಾಸ್ತಿಯಾದರೆ ದಾಳ. ನಾಲ್ಕೂ ನೆರೆಯ ಬಾಣಗಳು ಅದು ನೋಡುವ ದಿಕ್ಕಿಗೇ ಮುಖ ಮಾಡಿದ್ದರೆ ತಿರುಗಿಸುವ ಖರ್ಚು 8 ಘಟಕ. ತಾಪಮಾನ 2.5 (ಇದೂ ಮಾಡೆಲ್ಲಿನ ಅದೇ ಘಟಕದಲ್ಲಿ, ಡಿಗ್ರಿಯಲ್ಲ) ಇದ್ದಾಗ ಅಂಥ ತಿರುವಿಗೆ ಒಪ್ಪಿಗೆ ಸಿಗುವುದು ನೂರಕ್ಕೆ ಸುಮಾರು 4 ಸಲ, 2.0ಕ್ಕೆ ಇಳಿಸಿದರೆ 2ಕ್ಕಿಂತ ಕಡಿಮೆ. ಹೀಗೆ ಲಕ್ಷಾಂತರ ಸಲ. ಶಾಖದ ಕೆಲಸವೆಲ್ಲ ಆ ದಾಳದಲ್ಲೇ ಇದೆ.

ಒಂದು ಎಚ್ಚರಿಕೆ. ಎಷ್ಟೋ ಎಲೆಕ್ಟ್ರಾನ್ ಲೆಕ್ಕಗಳಲ್ಲಿ ಈ ‘ಸಂಭವ’ ಮೈನಸ್ ಆಗಿಬಿಡುತ್ತದೆ. ನೂರಕ್ಕೆ ಮೈನಸ್ 4 ಸಲ ಬೀಳುವ ದಾಳ ಎಲ್ಲಿಂದ ತರೋದು? ಇದೇ ಕುಖ್ಯಾತ ಸೈನ್ ಪ್ರಾಬ್ಲೆಮ್. ಎಲ್ಲ ಲೆಕ್ಕಕ್ಕೂ ನಡೆಯುವ ಒಂದೇ ಸುಲಭ ಮದ್ದು ಸಿಗುವ ಆಸೆ ಕಡಿಮೆ ಅಂತ 2005ರಲ್ಲಿ ಟ್ರೋಯರ್ ಮತ್ತು ವೀಸೆ ತೋರಿಸಿದರು.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೇ ವರ್ಷ. ಇದನ್ನೆಲ್ಲ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮಾಡಬಹುದಾ? — ವಿದ್ಯಾರ್ಥಿ, ಹಾಸನ

ಧಾರಾಳವಾಗಿ. ಪೈಥಾನ್‌ನಲ್ಲಿ ಐವತ್ತು ಸಾಲೂ ಬೇಡ. 32ಕ್ಕೆ 32 ಚೌಕಳಿಯಿಂದ ಶುರು ಮಾಡಿ, ಅಂಚುಗಳನ್ನು ಎದುರಿನ ಅಂಚಿಗೆ ಜೋಡಿಸಿ, ಎಲ್ಲ ಬಾಣಗಳನ್ನೂ ಮೇಲಕ್ಕಿಟ್ಟು ಓಡಿಸಿ. ಚೌಕಳಿಯಲ್ಲಿ ಎಷ್ಟು ಬಾಣವೋ ಅಷ್ಟು ಸಲ ಪ್ರಯತ್ನಿಸಿದರೆ ಒಂದು ಸುತ್ತು. ಮೊದಲ ಒಂದಿಷ್ಟು ಸಾವಿರ ಸುತ್ತುಗಳ ಫಲಿತಾಂಶ ಲೆಕ್ಕಕ್ಕೆ ತಗೋಬೇಡಿ, ಅದಿನ್ನೂ ಶುರುವಿನ ಸ್ಥಿತಿಯ ಗುಂಗಿನಲ್ಲೇ ಇರುತ್ತದೆ. ಈ ಮಾಡೆಲ್‌ನ ದೊಡ್ಡ ಅನುಕೂಲ ಅಂದರೆ ಉತ್ತರ ತಾಳೆ ನೋಡಬಹುದು. ಎರಡು ಆಯಾಮಕ್ಕೆ 1944ರಲ್ಲಿ ಒನ್ಸಾಗರ್ ಕರಾರುವಾಕ್ಕಾದ ಪರಿಹಾರ ಕೊಟ್ಟಿದ್ದಾರೆ. ತಾಪಮಾನ 2.0ರಲ್ಲಿ ಅಯಸ್ಕಾಂತತೆ (ಮೇಲ್ಮುಖದ ಬಾಣಗಳಿಂದ ಕೆಳಮುಖದವನ್ನು ಕಳೆದು ಒಟ್ಟು ಬಾಣಗಳಿಂದ ಭಾಗಿಸಿದ್ದು) 0.911ರ ಆಸುಪಾಸು ಬರಬೇಕು, 2.269 ದಾಟಿದ ಮೇಲೆ ಕುಸಿಯಬೇಕು.

ಆ 2.269ರ ಹತ್ತಿರ ನಿಮ್ಮ ಗ್ರಾಫ್ ಅಂಕುಡೊಂಕಾಗಿ ಕುಣಿಯುತ್ತದೆ, ಎಷ್ಟು ಓಡಿಸಿದರೂ ನೆಟ್ಟಗಾಗಲ್ಲ. ಕೋಡ್ ತಪ್ಪು ಅಂತ ಅಳಿಸಬೇಡಿ! ಅಲ್ಲಿ ಒಂದೇ ಕಡೆ ಮುಖ ಮಾಡಿದ ಬಾಣಗಳ ಸಣ್ಣ ದೊಡ್ಡ ಗುಂಪುಗಳು ಚೌಕಳಿಯ ತುಂಬ ಹರಡಿಕೊಂಡಿರುತ್ತವೆ, ಒಂದೊಂದೇ ಬಾಣ ತಿರುಗಿಸಿ ಅಂಥ ಗುಂಪನ್ನು ಕದಲಿಸೋಕೆ ಯುಗವೇ ಬೇಕು. ಚೌಕಳಿಯ ಬದಿ ಎರಡು ಪಟ್ಟಾದರೆ ಕಾಯಬೇಕಾದ ಸುತ್ತುಗಳು ನಾಲ್ಕು ಪಟ್ಟಿಗಿಂತ ಜಾಸ್ತಿ. ಇಡೀ ಗುಂಪನ್ನೇ ಒಮ್ಮೆಗೆ ತಿರುಗಿಸುವ ವೋಲ್ಫ್ ವಿಧಾನ 1989ರಲ್ಲಿ ಬಂತು, ಮೊದಲನೆಯದು ಕೈಗೆ ಹತ್ತಿದ ಮೇಲೆ ಅದನ್ನೂ ಬರೆದು ನೋಡಿ. ಮುಂದೆ ಓದುವ ಮನಸ್ಸಿದ್ದರೆ ಬೆಂಗಳೂರಿನಲ್ಲೇ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ರಾಮನ್ ಸಂಶೋಧನಾ ಸಂಸ್ಥೆ, ಐಸಿಟಿಎಸ್ ಇವೆ. ಜ್ಯಾಮ್ ಮತ್ತು ಜೆಸ್ಟ್ ಪ್ರವೇಶ ಪರೀಕ್ಷೆಗಳ ಮೇಲೆ ಕಣ್ಣಿಡಿ.

ಪ್ರಶ್ನೆ: ಇದರಿಂದ ಉಪಯೋಗ ಏನು? ಒಂದೇ ಮಾತಲ್ಲಿ ಹೇಳಿ. — ಓದುಗರೊಬ್ಬರು, ಬೀದರ್

ಒಂದೇ ಮಾತಲ್ಲಿ ಆಗಲ್ಲ, ಎರಡು ಮೂರು ಮಾತಲ್ಲಿ ಹೇಳುತ್ತೇನೆ. ಇದೇ ಬಾಣಗಳ ಲೆಕ್ಕದಿಂದ ನೆನಪಿನ ಶಕ್ತಿಯ ಮಾಡೆಲ್ ಕಟ್ಟಬಹುದು ಅಂತ ಜಾನ್ ಹಾಪ್‌ಫೀಲ್ಡ್ 1982ರಲ್ಲಿ ತೋರಿಸಿದರು, ಇವತ್ತಿನ ಕೃತಕ ಬುದ್ಧಿಮತ್ತೆಗೆ ತಳಹದಿಯಾದ ಇಂಥ ಕೆಲಸಕ್ಕೆ 2024ರ ಭೌತಶಾಸ್ತ್ರದ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್‌ಗೂ ಬಂತು. ಬಾಣಗಳ ಮಾಡೆಲ್ಲಿಗೆ ಯಾರ ಹೆಸರಿದೆಯೋ ಆ ಐಸಿಂಗ್ ಮಾತ್ರ ಒಂದೇ ಆಯಾಮದ ಲೆಕ್ಕ ಬಿಡಿಸಿ, ಅದರಲ್ಲಿ ಅಯಸ್ಕಾಂತವೇ ಹುಟ್ಟದ್ದು ಕಂಡು, ಹೆಚ್ಚು ಆಯಾಮದಲ್ಲೂ ಹೀಗೇ ಅಂದುಕೊಂಡು 1925ರಲ್ಲಿ ಅಚ್ಚು ಹಾಕಿಸಿ, ಆಮೇಲೆ ಸಂಶೋಧನೆ ಬಿಟ್ಟು ಮೇಷ್ಟ್ರಾದರು. ಉಪಯೋಗದ ಆಸೆ ಯಾರಿಗೂ ಇರಲಿಲ್ಲ.

ಪ್ರಶ್ನೆ: ಮೂರು ಆಯಾಮದ ಐಸಿಂಗ್ ಮಾಡೆಲನ್ನು ಪೆನ್ನು ಪೇಪರಿನಲ್ಲೇ ಬಿಡಿಸಿದ್ದೇನೆ. ಎಲ್ಲಿಗೆ ಕಳಿಸಲಿ? — ಹೆಸರು ಬೇಡ ಅಂದವರು, ಮೈಸೂರು

ಎಲ್ಲಿಗೂ ಕಳಿಸುವ ಮೊದಲು ನಿಮ್ಮ ಸೂತ್ರದಿಂದ ಸಂಕ್ರಮಣದ ತಾಪಮಾನ, ಅಂದರೆ ಅಯಸ್ಕಾಂತತೆ ಮಾಯವಾಗುವ ತಾಪಮಾನ ತೆಗೆಯಿರಿ. ಇದಕ್ಕೆ ಕರಾರುವಾಕ್ಕಾದ ಪರಿಹಾರ ಇವತ್ತಿನವರೆಗೂ ಸಿಕ್ಕಿಲ್ಲ. ಆದರೆ ಕಂಪ್ಯೂಟರಿನಲ್ಲಿ ದಾಳ ಹಾಕಿ ಹಾಕಿ 4.5115 ಅಂತ ತೆಗೆದಿಟ್ಟಿದ್ದಾರೆ, ಇನ್ನೂ ಮುಂದಿನ ಅಂಕಿಗಳೂ ಇವೆ. ನಿಮ್ಮದು 4.51 ಬಂದು ನಿಂತರೆ ಸಾಲದು, ಐದಂಕಿಯೂ ಹೊಂದಬೇಕು. ಹೊಂದಿದರೆ ಮೊದಲು ನನಗೇ ಬರೆಯಿರಿ. ಹೊಂದದಿದ್ದರೆ ಅಂಚೆ ಖರ್ಚು ಉಳಿಯಿತು.